ಆನ್-ರೋಡ್ 76 ಲಕ್ಷ ಅಂದಿದ್ದಾರೆ, ಎಷ್ಟು ಕಡಿಮೆ ಕೇಳಬಹುದು?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇವೆ. ಬೆಂಗಳೂರಿನಲ್ಲಿ ಮೊದಲ ಸಲ ಲಕ್ಸುರಿ ಸೆಡಾನ್ ಕೊಳ್ಳುತ್ತಿದ್ದೀರಿ. ಎಕ್ಸ್-ಶೋರೂಮ್, ಅಂದರೆ ಜಿಎಸ್‌ಟಿ ಸೇರಿದ ಕಾರಿನ ಬೆಲೆ, 60 ಲಕ್ಷ; ಆನ್-ರೋಡ್, ಅಂದರೆ ರಸ್ತೆ ತೆರಿಗೆ, ಇನ್‌ಶೂರೆನ್ಸ್ ಎಲ್ಲ ಸೇರಿ ಕೊಡಬೇಕಾದದ್ದು, 76 ಲಕ್ಷ 40 ಸಾವಿರ ಎಂದು ಬರೆದುಕೊಟ್ಟಿದ್ದಾರೆ. ಇದರಲ್ಲಿ ಎಷ್ಟು ಇಳಿಸಬಹುದು ಎನ್ನುವುದು ಒಂದು. ಅಂಥ ಶೋರೂಮಿನಲ್ಲಿ ಕೂತು ಚೌಕಾಸಿ ಮಾಡಿದರೆ ಮರ್ಯಾದೆ ಹೋಗುವುದಿಲ್ಲವೇ ಎನ್ನುವುದು ಇನ್ನೊಂದು.

ಮರ್ಯಾದೆ ಖಂಡಿತ ಹೋಗುವುದಿಲ್ಲ. ಪೀಣ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ, ಇಪ್ಪತ್ತಾರು ವರ್ಷದಿಂದ. ಕೊಟೇಶನ್ ಕೊಡುವುದೂ ತೆಗೆದುಕೊಳ್ಳುವುದೂ ನನಗೆ ದಿನನಿತ್ಯದ ಕೆಲಸ. ಮೆಟೀರಿಯಲ್ ಎಷ್ಟು, ಟರ್ನಿಂಗ್ ಎಷ್ಟು, ಹೀಟ್ ಟ್ರೀಟ್‌ಮೆಂಟ್ ಎಷ್ಟು, ಪ್ಲೇಟಿಂಗ್ ಎಷ್ಟು ಎಂದು ಬಿಡಿಸಿ ಬರೆಯದ ಕೊಟೇಶನ್ ಬಂದರೆ ನಾನು ವಾಪಸ್ ಕಳಿಸುತ್ತೇನೆ. ಅದರಿಂದ ಯಾರೂ ಬೇಜಾರಾಗಿದ್ದು ನಾನು ಕಂಡಿಲ್ಲ. ಕಾರಿಗೂ ಅದೇ ಲೆಕ್ಕ. 2024ರಲ್ಲಿ ನಾನು ಕಾರು ನೋಡಲು ಹೋದ ಮೊದಲ ದಿನ ಆನ್-ರೋಡ್ ಎಂಬ ಒಂದೇ ಮೊತ್ತದ ಮೇಲೆ ಮಾತಾಡಿದೆ. "ನಿಮಗೋಸ್ಕರ 50 ಸಾವಿರ ಕಮ್ಮಿ ಮಾಡ್ತೀವಿ ಸರ್" ಅಂದರು. ಆ 50 ಸಾವಿರ ಎಲ್ಲಿಂದ ಇಳಿಯಿತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡನೇ ಸಲ ಹೋದಾಗ ಬಿಡಿಸಿ ಬರೆಸಿಕೊಂಡೆ. ನಿಜವಾದ ಮಾತುಕತೆ ಶುರುವಾದದ್ದು ಆಮೇಲೆ.

ನಿಮ್ಮ 76.40 ಲಕ್ಷವನ್ನು ಬಿಡಿಸೋಣ. ಕಾರು 60 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್. ಆ ತೆರಿಗೆಯ ಮೇಲೆ ಸೆಸ್ ಬೇರೆ ಇದೆ, ಎಲ್ಲ ಸೇರಿ ಹತ್ತಿರ ಹತ್ತಿರ 20 ಪರ್ಸೆಂಟ್, ಅಂದರೆ ಸುಮಾರು 12 ಲಕ್ಷ. 10 ಲಕ್ಷ ಮೀರಿದ ಕಾರಿಗೆ 1 ಪರ್ಸೆಂಟ್ ಟಿಸಿಎಸ್ (ಮಾರುವವರೇ ನಿಮ್ಮಿಂದ ಪಡೆದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ), ಅದು 60 ಸಾವಿರ. ಇದು ನಿಮ್ಮ ಪ್ಯಾನ್ ಮೇಲೆ ಜಮಾ ಆಗುವ ದುಡ್ಡು. ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ಆದ್ದರಿಂದ ಅದನ್ನು ಖರ್ಚಿಗೆ ಸೇರಿಸಬೇಡಿ. ಆದರೆ ಈಗ ಕೈಯಿಂದ ಕೊಡುವ ಲೆಕ್ಕದಲ್ಲಿ ಅದೂ ಸೇರಿ ಇಲ್ಲಿಗೆ 72 ಲಕ್ಷ 60 ಸಾವಿರ ಆಯಿತು. ಇನ್ನುಳಿದ 3 ಲಕ್ಷ 80 ಸಾವಿರ ಏನು ಎಂದು ಅವರನ್ನು ಕೇಳಿ.

ಆ 60 ಲಕ್ಷವೂ ಪೂರ್ತಿ ಕಾರಿನ ಬೆಲೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಜಿಎಸ್‌ಟಿ 40 ಪರ್ಸೆಂಟ್. ಅದಕ್ಕೂ ಮುಂಚೆ ದೊಡ್ಡ ಸೆಡಾನ್‌ಗೆ ಸೆಸ್ ಸೇರಿ 48 ಇತ್ತು. ಈಗಿನ ಲೆಕ್ಕದಲ್ಲಿ ನಿಮ್ಮ 60 ಲಕ್ಷದೊಳಗೆ 17 ಲಕ್ಷ ಚಿಲ್ಲರೆ ಜಿಎಸ್‌ಟಿಯೇ. ಕಂಪನಿಗೂ ಶೋರೂಮಿಗೂ ಸೇರಿ ಉಳಿಯುವುದು 43 ಲಕ್ಷಕ್ಕಿಂತ ಸ್ವಲ್ಪ ಕಡಿಮೆ. "76 ಲಕ್ಷದ ಕಾರಿಗೆ 10 ಪರ್ಸೆಂಟ್ ಬಿಡಿ" ಎಂದು ಕೇಳುವವರು ಸರ್ಕಾರದ ದುಡ್ಡಿನ ಮೇಲೂ ಡಿಸ್ಕೌಂಟ್ ಕೇಳಿದಂತಾಗುತ್ತದೆ. ಅಲ್ಲಿಗೆ ಶೋರೂಮಿನ ಸೇಲ್ಸ್ ಹುಡುಗನಿಗೆ ಇವರು ಲೆಕ್ಕ ನೋಡಿ ಬಂದಿಲ್ಲ ಎಂದು ತಿಳಿಯುತ್ತದೆ.

ಹಾಗಾದರೆ ಕೇಳಬೇಕಾದ್ದು ಎಲ್ಲಿ? ಮೊದಲು ಆ 3 ಲಕ್ಷ 80 ಸಾವಿರದಲ್ಲಿ. ನನ್ನ ಕೊಟೇಶನ್ನಿನಲ್ಲಿ 48 ಸಾವಿರಕ್ಕೆ "ಎಸೆನ್ಷಿಯಲ್ ಕಿಟ್" ಎಂದಿತ್ತು. ಬಿಡಿಸಿ ನೋಡಿದರೆ ಮ್ಯಾಟ್, ಮಡ್ ಫ್ಲ್ಯಾಪ್, ಪೇಂಟಿಗೆ ಕೋಟಿಂಗ್. ಬೇಡ ಅಂದೆ, ತೆಗೆದರು. 18 ಸಾವಿರ ಹ್ಯಾಂಡ್ಲಿಂಗ್ ಚಾರ್ಜ್ ಇತ್ತು. ಯಾವ ಕೆಲಸಕ್ಕೆ ಎಂದು ಬರೆದುಕೊಡಿ ಅಂದೆ. ಬರೆಯಲಿಲ್ಲ, ಅದನ್ನೂ ತೆಗೆದರು. ನಂಬರ್ ಪ್ಲೇಟಿಗೆ ಬೇರೆ ದುಡ್ಡು ಹಾಕಿದ್ದರೆ ಅದನ್ನೂ ಕೇಳಿ. 2019ರ ಏಪ್ರಿಲ್‌ನಿಂದ ತಯಾರಾದ ಕಾರಿಗೆ ಎಚ್‌ಎಸ್‌ಆರ್‌ಪಿ ಎಂಬ ಹೈ ಸೆಕ್ಯೂರಿಟಿ ನಂಬರ್ ಪ್ಲೇಟು ಕಾರಿನ ಬೆಲೆಯಲ್ಲೇ ಸೇರಿರಬೇಕು.

ಇನ್‌ಶೂರೆನ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಪಾಲಿಸಿಯನ್ನು ಶೋರೂಮಿನಲ್ಲೇ ಮಾಡಿಸಬೇಕು ಎಂಬ ಕಾನೂನು ಇಲ್ಲ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ (ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆ) ಕಡ್ಡಾಯ. ಕಾರಿನ ಸ್ವಂತ ಹಾನಿಯ ಭಾಗ ಒಂದು ವರ್ಷಕ್ಕೆ ಸಾಕು. ಅದೇ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ), ಅದೇ ಝೀರೋ ಡೆಪ್ (ಭಾಗಗಳ ಸವೆತ ಕಳೆಯದೆ ಕ್ಲೇಮ್ ಕೊಡುವುದು), ಅದೇ ರಿಟರ್ನ್ ಟು ಇನ್‌ವಾಯ್ಸ್ (ಕಾರು ಪೂರ್ತಿ ಹೋದರೆ ಬಿಲ್ಲಿನ ಬೆಲೆಯೇ ಸಿಗುವುದು) ಇಟ್ಟು ಹೊರಗೆ ವಿಚಾರಿಸಿದೆ. ಶೋರೂಮಿನವರ ದರಕ್ಕಿಂತ 70 ಸಾವಿರ ಕಡಿಮೆ ಬಂತು. ಆ ಕಾಗದ ತೋರಿಸಿದ ಮೇಲೆ ಅವರೇ ಅದೇ ದರಕ್ಕೆ ಮಾಡಿಕೊಟ್ಟರು. ನನಗೂ ಅಲ್ಲೇ ಮಾಡಿಸುವುದು ಒಳ್ಳೆಯದೆನಿಸಿತು, ನಾಳೆ ಕ್ಲೇಮ್ ಬಂದರೆ ಓಡಾಟ ಕಡಿಮೆ. ಆದರೆ ಉಳಿತಾಯದ ಹೆಸರಿನಲ್ಲಿ ಎಂಜಿನ್ ಪ್ರೊಟೆಕ್ಟ್ ಮಾತ್ರ ಬಿಡಬೇಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು ಕಡೆ ಎಂಥೆಂಥ ಕಾರುಗಳು ನೀರಲ್ಲಿ ನಿಂತಿದ್ದವು ಎಂದು ನೀವೂ ನೋಡಿರುತ್ತೀರಿ. ಎಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಸಾಮಾನ್ಯ ಪಾಲಿಸಿ ಕೈಹಿಡಿಯುವುದಿಲ್ಲ.

ಸಾಲ ತೆಗೆದುಕೊಳ್ಳುವುದಾದರೆ ನಿಮ್ಮ ಬ್ಯಾಂಕಿನ ದರ ಮೊದಲೇ ಕೈಯಲ್ಲಿರಲಿ. 40 ಲಕ್ಷ, 5 ವರ್ಷ, ಎಂಟೂವರೆ ಬದಲು ಒಂಬತ್ತು ಪರ್ಸೆಂಟ್ ಆದರೆ ಒಟ್ಟು 58 ಸಾವಿರ ಹೆಚ್ಚು ಕಟ್ಟುತ್ತೀರಿ. ಹಳೇ ಕಾರು ಕೊಡುವುದಿದ್ದರೆ ಹೊಸದರ ಬೆಲೆ ಮುಗಿಯುವವರೆಗೆ ಅದರ ಮಾತೇ ಎತ್ತಬೇಡಿ. ಒಂದು ಕಡೆ ಕೊಟ್ಟ ರಿಯಾಯಿತಿಯನ್ನು ಇನ್ನೊಂದು ಕಡೆ ಮುರಿದುಕೊಳ್ಳುವುದು ಬಹಳ ಸುಲಭ.

ಕಾರಿನ ಬೆಲೆಯಲ್ಲೇ ಇಳಿಸುವ ವಿಷಯಕ್ಕೆ ಬಂದರೆ, ಯಾವ ಬ್ರ್ಯಾಂಡ್ ಎನ್ನುವುದು ಮುಖ್ಯ. ಮರ್ಸಿಡಿಸ್ 2021ರ ಅಕ್ಟೋಬರ್‌ನಿಂದ ಕಾರುಗಳನ್ನು ತಾನೇ ನೇರವಾಗಿ ಗ್ರಾಹಕರಿಗೆ ಬಿಲ್ ಮಾಡುತ್ತದೆ, ದೇಶಕ್ಕೆಲ್ಲ ಒಂದೇ ಬೆಲೆ. ಅಲ್ಲಿ ಊರಿನ ಈ ಮೂಲೆಯಿಂದ ಆ ಮೂಲೆಗೆ ಕೊಟೇಶನ್ ಹಿಡಿದು ಓಡಾಡಿ ಪ್ರಯೋಜನವಿಲ್ಲ; ಆ ತಿಂಗಳು ಕಂಪನಿಯ ಸ್ಕೀಮ್ ಏನಿದೆ ಅಂತ ಕೇಳಿ ಅಷ್ಟಕ್ಕೆ ಬಿಡಿ. ಡೀಲರೇ ಕಾರು ಕೊಂಡು ಸ್ಟಾಕ್ ಇಟ್ಟಿರುವ ಕಡೆ ಲೆಕ್ಕ ಬೇರೆ. ಪ್ರತಿ ತಿಂಗಳೂ ಅವರಿಗೆ ಬಡ್ಡಿ ಬೀಳುತ್ತದೆ. ಆದ್ದರಿಂದ ಚಾಸಿ ನಂಬರ್ ಬರೆಸಿಕೊಂಡು ಯಾವ ತಿಂಗಳ ತಯಾರಿ ಎಂದು ಕೇಳಿ. ನನಗೆ ತೋರಿಸಿದ್ದು ಫೆಬ್ರವರಿಯ ಕಾರು, ಆಗ ಜುಲೈ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಎರಡೂ ಬರುತ್ತವೆ, ಮುಂದೆ ಮಾರುವಾಗ ನಷ್ಟ ನನಗೆ ತಾನೇ ಎಂದು ಮೆಲ್ಲಗೇ ಹೇಳಿದೆ.

ಜುಲೈ ಅಂದರೆ ಆಷಾಢ. ಆ ವರ್ಷ ಜುಲೈ 6ರಿಂದ ಆಗಸ್ಟ್ 4ರವರೆಗೆ. ನಮ್ಮ ಕಡೆ ಆಷಾಢದಲ್ಲಿ ಗಾಡಿ ಮನೆಗೆ ತರುವವರು ಕಡಿಮೆ, ಆದರೆ ಶೋರೂಮಿನ ಟಾರ್ಗೆಟ್‌ಗೆ ಆಷಾಢ, ಶ್ರಾವಣ ಎಂಬುದಿಲ್ಲ. ತಿಂಗಳ ಕೊನೆಗೆ ಬಿಲ್ ಆಗಲೇಬೇಕು. ಅಮ್ಮನನ್ನು ಕೇಳಿದೆ. "ದುಡ್ಡು ಕೊಡೋದಕ್ಕೆ ಆಷಾಢ ಏನಡ್ಡಿ? ಗಾಡಿ ಮಾತ್ರ ಶ್ರಾವಣದಲ್ಲಿ ಬರಲಿ" ಅಂದರು. ಜುಲೈ 31ಕ್ಕೆ ಬಿಲ್ ಮಾಡಿ, ಆಗಸ್ಟ್ 16ರ ವರಮಹಾಲಕ್ಷ್ಮಿ ಶುಕ್ರವಾರ ಡೆಲಿವರಿ ಕೊಡಿ ಎಂದು ಕೇಳಿದ್ದಕ್ಕೆ ಬೆಲೆಯಲ್ಲೇ 2 ಲಕ್ಷ 25 ಸಾವಿರ ಇಳಿಸಿದರು. ಕಿಟ್, ಹ್ಯಾಂಡ್ಲಿಂಗ್, ಇನ್‌ಶೂರೆನ್ಸ್ ಸೇರಿ ಒಟ್ಟು ಉಳಿದದ್ದು 3 ಲಕ್ಷ 61 ಸಾವಿರ. ಎರಡು ವಾರ ಕಾರು ಅವರ ಯಾರ್ಡಿನಲ್ಲೇ ನಿಂತಿತ್ತು, ಹಾಗಾಗಿ ಡೆಲಿವರಿ ತನಕ ಏನಾದರೂ ಆದರೆ ಹೊಣೆ ಅವರದೇ ಎಂದು ಮೇಲ್‌ನಲ್ಲಿ ಬರೆಸಿಕೊಂಡಿದ್ದೆ. ನೀವೂ ಬರೆಸಿಕೊಳ್ಳಿ. ಇಳಿಸಿದ ಮೊತ್ತ ಇನ್‌ವಾಯ್ಸ್‌ನಲ್ಲೇ ಕಾಣಬೇಕು; ಆಮೇಲೆ ಬೇರೆ ರೂಪದಲ್ಲಿ ಕೊಡುತ್ತೇವೆ ಎಂಬ ಮಾತು ಒಪ್ಪಬೇಡಿ.

ನಡುವೆ ಯಾರಾದರೂ ಪುದುಚೇರಿ ವಿಳಾಸದಲ್ಲಿ ರಿಜಿಸ್ಟರ್ ಮಾಡಿಸಿ, ತೆರಿಗೆ ಉಳಿಯುತ್ತದೆ ಎಂದರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. 2025ರ ಫೆಬ್ರವರಿಯಲ್ಲಿ ನಮ್ಮ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಹೊರರಾಜ್ಯದ ನಂಬರಿನ 30 ಐಷಾರಾಮಿ ಕಾರುಗಳನ್ನು ತೆರಿಗೆ ಕಟ್ಟಿಲ್ಲವೆಂದು ಹಿಡಿದಿತ್ತು. ನೀವು ಓಡಾಡುವ ರಸ್ತೆಗೆ ಕಟ್ಟುವ ತೆರಿಗೆ ಅದು.

ಆ ಸೇಲ್ಸ್ ಹುಡುಗನ ಹತ್ತಿರ ದನಿ ಏರಿಸಬೇಡಿ. ಬೆಲೆ ಇಳಿಸುವ ಅಧಿಕಾರ ಅವನಿಗಿಲ್ಲ. ಒಳಗೆ ಮ್ಯಾನೇಜರ್ ಹತ್ತಿರ ನಿಮ್ಮ ಪರವಾಗಿ ಮಾತಾಡಬೇಕಾದವನು ಅವನೇ. ನಿಮ್ಮ ಕೊಟೇಶನ್ನಿನ ಫೋಟೋ, ಹೆಸರು ಮತ್ತು ಫೋನ್ ನಂಬರ್ ಮುಚ್ಚಿ, ಕೆಳಗೆ ಹಾಕಿ. ಆ 3 ಲಕ್ಷ 80 ಸಾವಿರವನ್ನು ಒಂದೊಂದೇ ಸಾಲಾಗಿ ನೋಡಿ ಹೇಳುತ್ತೇನೆ.