ಗಾಯಾಳು ಪೈಲಟ್‌ನನ್ನು ಉಳಿಸಲು ಹೋಗಿ ತಾನೇ ಸೆರೆಸಿಕ್ಕ ಜಾನ್ ಕೋಲ್ಷ್ ಅವರ ಸಾಹಸವೇನು?

ಕೊರಿಯಾ ಯುದ್ಧದ ಕಾಲದ ಘಟನೆ ಇದು. 1951ರ ಜುಲೈ 3ರ ಸಂಜೆ, ಉತ್ತರ ಕೊರಿಯಾದ ವೊನ್ಸಾನ್ ಸಮೀಪದ ಬೆಟ್ಟಗಳಲ್ಲಿ ಅಮೆರಿಕದ ಮರೀನ್ ಪೈಲಟ್ ಒಬ್ಬರ ವಿಮಾನ ಉರುಳಿತು. ಸುಟ್ಟ ಗಾಯಗಳೊಂದಿಗೆ ಅವರು ಶತ್ರುನೆಲದಲ್ಲಿ ಸಿಲುಕಿದ್ದರು. ಅವರನ್ನು ಕರೆತರಲು ಅಮೆರಿಕ ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್ ಕೋಲ್ಷ್ ತಮ್ಮ ಸಹಾಯಕನೊಂದಿಗೆ ತಾವಾಗಿಯೇ ಹೊರಟರು. ಅವರ ಹೆಲಿಕಾಪ್ಟರ್‌ನಲ್ಲಿ ಬಂದೂಕುಗಳಿರಲಿಲ್ಲ. ದಟ್ಟ ಮೋಡದಿಂದಾಗಿ ಯುದ್ಧವಿಮಾನಗಳ ಬೆಂಗಾವಲೂ ಸಿಗಲಿಲ್ಲ.

ಮೋಡದ ಕೆಳಗಿಳಿದು ಹುಡುಕುವಾಗಲೇ ಗುಂಡು ತಗುಲಿತು. ಹಿಂತಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಗಾಯಾಳುವನ್ನು ಪತ್ತೆಹಚ್ಚಿ, ಅವರ ಮೇಲೆಯೇ ಹೆಲಿಕಾಪ್ಟರನ್ನು ನಿಲ್ಲಿಸಿದರು. ಹಗ್ಗದಲ್ಲಿ ಮೇಲೆತ್ತುವಾಗ ಹೆಲಿಕಾಪ್ಟರ್ ಅಲುಗದೆ ಗಾಳಿಯಲ್ಲಿ ನಿಲ್ಲಬೇಕು. ಗುರಿಯಿಡುವವನಿಗೆ ಅದಕ್ಕಿಂತ ಸುಲಭದ ಗುರಿಯಿಲ್ಲ. ಆ ಕ್ಷಣದಲ್ಲೇ ಗುಂಡಿನ ಸುರಿಮಳೆಗೆ ಅದು ಬೆಟ್ಟಕ್ಕೆ ಅಪ್ಪಳಿಸಿತು.

ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡ ಧೈರ್ಯ ಅನಂತರದ್ದು. ಅವಶೇಷಗಳಿಂದ ಸಹಾಯಕನನ್ನೂ ಗಾಯಾಳುವನ್ನೂ ಹೊರತಂದು, ಒಂಬತ್ತು ದಿನ ಶತ್ರುಗಳ ಕಣ್ಣುತಪ್ಪಿಸಿ ಕರಾವಳಿಯತ್ತ ನಡೆಸಿದರು. ಕೊನೆಗೆ ಮೂವರೂ ಸೆರೆಸಿಕ್ಕರು. ಸೆರೆಶಿಬಿರದಲ್ಲಿ ಕೋಲ್ಷ್ ವಿಚಾರಣೆಗೆ ಬಗ್ಗಲಿಲ್ಲ. ತಮಗೆ ಸಿಗುತ್ತಿದ್ದ ಅಲ್ಪ ಆಹಾರವನ್ನೂ ಇತರರೊಂದಿಗೆ ಹಂಚಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. 1955ರಲ್ಲಿ ಮರಣೋತ್ತರವಾಗಿ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಸಂದಿತು. ಆ ಗೌರವ ಪಡೆದ ಮೊದಲ ಹೆಲಿಕಾಪ್ಟರ್ ಪೈಲಟ್ ಅವರೇ.