ದಿನಾ ಓಡಿಸೋಕೆ ಹಳೆಯ ಸ್ಪೋರ್ಟ್ಸ್ ಸೆಡಾನ್ ತಗೋಬಹುದಾ?
ಧಾರಾಳವಾಗಿ ತಗೋಬಹುದು. ಆದರೆ ಹಳೆಯದಾದಂತೆ ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯಲ್ಲ. ಇರೋ ದುಡ್ಡನ್ನೆಲ್ಲ ಕಾರಿಗೇ ಸುರಿಯದೆ ರಿಪೇರಿಗೂ ಸ್ವಲ್ಪ ಎತ್ತಿಡಿ.

ನೋಡಲು ಹೋದಾಗ ಮೊದಲು ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ, ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೇನೋ ಅಂತ ನನಗಂತೂ ಅನುಮಾನ ಶುರು. ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸಡಿಲಾಗಿದ್ದರೆ ಬರುವ ಕಟಕಟ ಸದ್ದು, ಆಯಿಲ್ ಉರಿದು ಬರುವ ನೀಲಿ ಹೊಗೆ, ಎರಡೂ ಚೆನ್ನಾಗಿ ಗೊತ್ತಾಗೋದು ಎಂಜಿನ್ ತಣ್ಣಗಿದ್ದು ಸ್ಟಾರ್ಟ್ ಮಾಡಿದಾಗಲೇ.

ಟೈರಿನ ಬದಿಯಲ್ಲಿ DOT ಅಂತ ಶುರುವಾಗುವ ಕೋಡ್‌ನ ಕೊನೆಯ 4 ಅಂಕಿಯನ್ನೂ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಟೈರೂ ನಾಲ್ಕು ಕಂಪನಿಯದಾ? ಹಾಗಾದರೆ ಸರ್ವಿಸ್‌ನಲ್ಲೂ ಕೈ ಬಿಗಿ ಹಿಡಿದಿರಬಹುದು ಅಲ್ವಾ?

ರೀಮ್ಯಾಪ್ ಮಾಡಿಸಿದ, ಅಂದರೆ ಪವರ್ ಹೆಚ್ಚಿಸೋಕೆ ಎಂಜಿನ್ ಸಾಫ್ಟ್‌ವೇರ್ ಬದಲಿಸಿದ ಕಾರಾದರೆ ಸುಮ್ನೆ ಬಿಟ್ಟುಬಿಡಿ. ದಿನದ ಓಡಾಟಕ್ಕೆ ಆ ಪವರ್ ಬೇಕಾಗಲ್ಲ. ತೆಳು ಟೈರಿನ ದೊಡ್ಡ ಅಲಾಯ್ ಚಕ್ರಕ್ಕಿಂತ ಒಂದು ಇಂಚು ಚಿಕ್ಕದೇ ಸೊಂಟಕ್ಕೆ ಹಿತ.