ಸಿಗ್ನಲ್‌ನಲ್ಲಿ ನಿಂತಾಗ ಬ್ರೇಕ್ ಪೆಡಲ್ ಮೆಲ್ಲಗೆ ಕೆಳಗಿಳಿಯುವುದೇಕೆ?

ಬ್ರೇಕ್ ಆಯಿಲ್ ಬದಲಾಯಿಸಿದ ಮೇಲೆ ಸಿಗ್ನಲ್‌ನಲ್ಲಿ ಪೆಡಲ್ ಒತ್ತಿಕೊಂಡು ನಿಂತರೆ ಅದು ಮೆಲ್ಲಗೆ ನೆಲದತ್ತ ಇಳಿಯುತ್ತದೆ, ಎರಡು ಸಲ ಏರ್ ತೆಗೆಸಿದರೂ ಸರಿಹೋಗಿಲ್ಲ, ಆಯಿಲ್ ಡಬ್ಬಿಯ ಮಟ್ಟವೂ ಕಡಿಮೆಯಾಗಿಲ್ಲ ಎಂದು ಬರೆದು, ಮೂರನೆಯ ಸಲ ಏರ್ ತೆಗೆಸಬೇಕೇ ಎಂದು ಕೇಳಿದ್ದೀರಿ. ಬೇಡ. ನೀವು ಹೇಳಿದ ಲಕ್ಷಣಗಳೆಲ್ಲ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಪಿಸ್ಟನ್ ತಳ್ಳಿ ಆಯಿಲನ್ನು ಚಕ್ರಗಳತ್ತ ನೂಕುವ ಭಾಗ) ಒಳಗಿನ ರಬ್ಬರ್ ಸೀಲ್ ಸೋತಿದೆ ಎಂಬುದರತ್ತಲೇ ಬೊಟ್ಟು ಮಾಡುತ್ತವೆ. ಪರೀಕ್ಷಿಸಿ ಸರಿಪಡಿಸುವವರೆಗೆ ದಯವಿಟ್ಟು ಆ ಕಾರನ್ನು ರಸ್ತೆಗೆ ಇಳಿಸಬೇಡಿ.

ಪೆಡಲ್ ಮೆತ್ತಗಿರುವುದು ಬೇರೆ, ಒತ್ತಿ ಹಿಡಿದಾಗ ಇಳಿಯುತ್ತಾ ಹೋಗುವುದು ಬೇರೆ. ಪೈಪಿನಲ್ಲಿ ಗಾಳಿ ಸೇರಿಕೊಂಡಿದ್ದರೆ, ಆಯಿಲಿನಂತಲ್ಲದೆ ಗಾಳಿ ಒತ್ತಡಕ್ಕೆ ಕುಗ್ಗುವುದರಿಂದ, ಪೆಡಲ್ ಸ್ಪಂಜಿನ ಹಾಗೆ ಅದುಮಿಕೊಳ್ಳುತ್ತದೆ. ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬರುತ್ತದೆ ಮತ್ತು ಹಿಡಿದ ಜಾಗದಲ್ಲಿ ನಿಲ್ಲುತ್ತದೆ. ಇಳಿಯುತ್ತಲೇ ಹೋಗುವ ಪೆಡಲ್ ಹೇಳುವುದೇನೆಂದರೆ ಆಯಿಲ್ ಎಲ್ಲಿಂದಲೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಸೋರುತ್ತಿದ್ದರೆ ಡಬ್ಬಿಯ ಮಟ್ಟ ಇಳಿಯಬೇಕು. ನಿಮ್ಮಲ್ಲಿ ಇಳಿದಿಲ್ಲ, ಅಂದರೆ ಆಯಿಲ್ ಪಿಸ್ಟನ್ನಿನ ಸೀಲ್ ದಾಟಿ ಹಿಂದಕ್ಕೆ ನುಸುಳಿ ಪುನಃ ಡಬ್ಬಿಯನ್ನೇ ಸೇರುತ್ತಿದೆ.

ಈ ದೋಷದಲ್ಲಿ ಮೋಸ ಹೋಗುವ ಒಂದು ಅಂಶವಿದೆ. ಸೀಲಿನ ಅಂಚು ತುಟಿಯ ಆಕಾರದಲ್ಲಿದ್ದು, ಒತ್ತಡ ಹೆಚ್ಚಿದಷ್ಟೂ ಅರಳಿ ಸಿಲಿಂಡರಿನ ಗೋಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಸವೆದ ಸೀಲ್ ಕೂಡ ಜೋರಾಗಿ ಒತ್ತಿದಾಗ ಹಿಡಿಯಬಹುದು, ಸಿಗ್ನಲ್‌ನಲ್ಲಿ ಹಗುರವಾಗಿ ಒತ್ತಿಕೊಂಡಿದ್ದಾಗ ಮಾತ್ರ ಸೋಲಬಹುದು. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ, ಗಟ್ಟಿಯಾಗಿ ಬ್ರೇಕ್ ಹಾಕಿ ನೋಡಿ, ಸರಿಯಾಗಿದೆ ಎಂದು ಕೀ ಕೊಟ್ಟಿದ್ದರೆ ಅದರಲ್ಲಿ ಅವರ ಕಪಟವೇನೂ ಇರಲಾರದು.

ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಬೂಸ್ಟರಿನ (ನಿರ್ವಾತದ ನೆರವಿನಿಂದ ನಿಮ್ಮ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಭಾಗ) ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ, ಬಳಿಕ ಹಗುರವಾಗಿ, ಒಂದೇ ಬಲದಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಇಳಿದರೆ ದೋಷ ಇದೆ. ಪೆಡಲ್ ಒತ್ತಿದಂತೆಯೇ ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕುಸಿದು ನಿಲ್ಲುವುದು ಬೂಸ್ಟರ್ ಕೆಲಸ ಮಾಡುತ್ತಿರುವುದರ ಗುರುತು. ಅದನ್ನೇ ದೋಷವೆಂದು ತಿಳಿದು ಗಾಬರಿಪಡುವವರನ್ನು ಬಹಳ ನೋಡಿದ್ದೇನೆ.

ಸಿಲಿಂಡರ್ ಕೊಳ್ಳುವ ಮೊದಲು ಹೊರ ಸೋರಿಕೆಯನ್ನೂ ತಳ್ಳಿಹಾಕಿ. ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರಿನ (ಡ್ರಮ್ಮಿನೊಳಗೆ ಬ್ರೇಕನ್ನು ಒತ್ತುವ ಸಣ್ಣ ಸಿಲಿಂಡರ್) ರಬ್ಬರ್ ಮುಚ್ಚಳದ ಅಂಚನ್ನು ಸರಿಸಿ ಒಳಗೆ ಒದ್ದೆಯಿದೆಯೇ ನೋಡಬೇಕು, ಮುಂದಿನ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಮತ್ತು ಹೋಸ್‌ಗಳನ್ನು ಮುಟ್ಟಿ ನೋಡಬೇಕು, ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂರುವ ಜಾಗದ ಕೆಳಗೂ ಬೆರಳಾಡಿಸಬೇಕು. ಅಲ್ಲಿನ ಹಿಂಬದಿ ಸೀಲ್ ಹೋದರೆ ಆಯಿಲ್ ಬೂಸ್ಟರಿನೊಳಕ್ಕೆ ಹರಿದು, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಕಳಚಿ, ಆ ರಂಧ್ರಗಳಿಗೆ ಅದೇ ಅಳತೆಯ ಥ್ರೆಡ್ ಇರುವ ಪ್ಲಗ್ ಬಿಗಿದು, ಗಾಳಿ ತೆಗೆದು ಒತ್ತಿ ನೋಡುವುದು ನಿರ್ಣಾಯಕ ಪರೀಕ್ಷೆ: ಆಗಲೂ ಪೆಡಲ್ ಇಳಿದರೆ ಸಂದೇಹಕ್ಕೆ ಎಡೆಯಿಲ್ಲ.

ಆಯಿಲ್ ಬದಲಾಯಿಸಿದ ನಂತರವೇ ಏಕೆ ಶುರುವಾಯಿತು ಎಂಬ ನಿಮ್ಮ ಪ್ರಶ್ನೆಗೆ ನನ್ನ ಅನುಭವವೇ ಉತ್ತರ. ನನ್ನ ಹಳೆಯ ಕಾರಿನ ಆಯಿಲನ್ನು ನಾನೇ ಬದಲಾಯಿಸಿದಾಗ, ಗೆಳೆಯನನ್ನು ಕೂರಿಸಿ ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತಿಸಿದೆ. ದಿನನಿತ್ಯದ ಬಳಕೆಯಲ್ಲಿ ಪಿಸ್ಟನ್ ಅಷ್ಟು ದೂರ ಹೋಗುವುದೇ ಇಲ್ಲ. ವರ್ಷಗಟ್ಟಲೆ ಮುಟ್ಟದ ಆ ಭಾಗದಲ್ಲಿ ತುಕ್ಕು, ಕೊಳೆ ಕಟ್ಟಿರುತ್ತದೆ, ಅದರ ಮೇಲೆ ಉಜ್ಜಿದ ಹಳೆಯ ಸೀಲ್ ಗೀರಿಹೋಗುತ್ತದೆ. ಅಂದಿನಿಂದ ಹಳೆಯ ಕಾರುಗಳಲ್ಲಿ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡದೆ ನಾನು ಏರ್ ತೆಗೆಯುವುದಿಲ್ಲ.

ರಿಪೇರಿ ಕಿಟ್ ಹಾಕಿಸಿ ಎಂದು ಯಾರಾದರೂ ಹೇಳಬಹುದು. ಒಳಗೋಡೆ ಗೀರಿದ್ದರೆ ಹೊಸ ಸೀಲ್ ಕೂಡ ಬಾಳುವುದಿಲ್ಲವಾದ್ದರಿಂದ, ಇಡೀ ಸಿಲಿಂಡರನ್ನೇ ಬದಲಾಯಿಸಬೇಕೆಂಬುದು ನನ್ನ ಅಭಿಪ್ರಾಯ. ಹೊಸದನ್ನು ಕೂರಿಸುವ ಮೊದಲು ವೈಸ್‌ಗೆ ಹಿಡಿಸಿ, ಆಯಿಲ್ ತುಂಬಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಒತ್ತಿ ಗಾಳಿ ತೆಗೆಯಲೇಬೇಕು; ಬಳಿಕ ನಾಲ್ಕೂ ಚಕ್ರಗಳಲ್ಲಿ ಕಾರಿನ ಕೈಪಿಡಿ ಹೇಳಿದ ಕ್ರಮದಲ್ಲಿ ಏರ್ ತೆಗೆಯಬೇಕು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಸ್ಕ್ಯಾನರ್ ಬೇಕಾಗಬಹುದು.

ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನು, ಸೀಲ್ ಒಡೆಯದ ಬಾಟಲಿಯಿಂದಲೇ ಹಾಕಿಸಿ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ಸುಮಾರು ಶೇ. 3.7ರಷ್ಟು ನೀರು ಹೀರಿಕೊಂಡಾಗ ಇರಬೇಕಾದ ಕನಿಷ್ಠ ಮಿತಿ 155 ಮಾತ್ರ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿದು, ಕೆಳಗೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾಗಿ, ತಣಿದ ಮೇಲೆ ತಾನಾಗಿಯೇ ಸರಿಹೋದರೆ, ಅದು ಹೀಗೆ ಆಯಿಲ್ ಕುದಿದು ಆವಿಯಾದದ್ದರ ಲಕ್ಷಣ. ನಿಮ್ಮದು ಆ ಬಗೆಯದಲ್ಲ. ಎಂಜಿನ್ ಆಯಿಲ್ ಅಥವಾ ಬೇರೆ ಖನಿಜ ತೈಲವನ್ನಂತೂ ಆ ಡಬ್ಬಿಗೆ ಸುರಿಯಲು ಯಾರಿಗೂ ಬಿಡಬೇಡಿ, ರಬ್ಬರೆಲ್ಲ ಉಬ್ಬಿ ಕೆಡುತ್ತದೆ.

ಕೆಲಸ ಮುಗಿದ ಮೇಲೆ ಅದೇ ಒಂದು ನಿಮಿಷದ ಪರೀಕ್ಷೆಯನ್ನು ಮೆಕ್ಯಾನಿಕ್ ಎದುರಿನಲ್ಲೇ ಮಾಡಿ, ಮೊದಲು ಎಂಜಿನ್ ಆರಿಸಿ, ಆಮೇಲೆ ನಿಂತ ಕಾರಿನಲ್ಲೇ ಎಂಜಿನ್ ಓಡುತ್ತಿರುವಾಗ. ಎರಡರಲ್ಲೂ ಪೆಡಲ್ ನಿಂತಲ್ಲೇ ನಿಂತರೆ ಮಾತ್ರ ಕಾರನ್ನು ಗ್ಯಾರೇಜಿನಿಂದ ಹೊರತನ್ನಿ.